ಹಿಂಡಿಯೊಳಗಿನ ಎಣ್ಣೆ, ಮಣ್ಣೊಳಗಿನ ಎಣ್ಣೆ

ವಿಜಯಪುರ ಜಿಲ್ಲೆಯ ಕನ್ನೊಳ್ಳಿ ಕಡೆ ಎಮ್ಮೆ ಕಟ್ಟಿದವರು ನಾಲ್ವರು ಸೇರಿದರೆ ಹಿಂಡಿಯ ಮಾತು ಬಂದೇ ಬರುತ್ತದೆ. "ಗಾಣದ ಹಿಂಡಿ ಇದ್ರ ಕೊಡ್ರಿ, ಹಾಲು ಗಟ್ಟಿ ಬರ್ತದ" ಎಂದು ಹಿರಿಯರು ಕೇಳುವುದು ಸುಮ್ಮನೆ ಅಲ್ಲ. ಶೇಂಗಾ ಹಿಂಡಿಯ ಒಂದು ತುಂಡನ್ನು ಹಳೆಯ ಪೇಪರಿನ ಮೇಲಿಟ್ಟು ಅಂಗೈಯಿಂದ ಒತ್ತಿ ನೋಡಿ, ಅಕ್ಷರಗಳ ಸುತ್ತ ಜಿಡ್ಡು ಹರಡುತ್ತದೆ. ಮರದ ಗಾಣ ನೂರಕ್ಕೆ 10 ಪಾಲಿಗೂ ಹೆಚ್ಚು ಎಣ್ಣೆಯನ್ನು ಹಿಂಡಿಯಲ್ಲೇ ಬಿಡುತ್ತದೆ, ಎಕ್ಸ್‌ಪೆಲ್ಲರ್ ಯಂತ್ರ 6–8 ಪಾಲು. ಹೆಕ್ಸೇನ್ ಎಂಬ ದ್ರಾವಕದಲ್ಲಿ ತೊಳೆದರೆ ಮಾತ್ರ ಒಂದು ಪಾಲಿನಷ್ಟೂ ಉಳಿಯುವುದಿಲ್ಲ.

ಹಿಂಡಿಯ ಎಣ್ಣೆಯಾದರೂ ಎಮ್ಮೆಯ ಹೊಟ್ಟೆಗೆ ಹೋಯಿತು. ರಿಫೈನರಿಯಲ್ಲಿ ಸೋರಿಹೋಗುವ ಎಣ್ಣೆಯ ಕತೆ ಬೇರೆ. ಕಾಸ್ಟಿಕ್ ಸೋಡಾ ಹಾಕಿ ಎಣ್ಣೆಯ ಹುಳಿ ತೆಗೆದಾಗ ತಳದಲ್ಲಿ ಸಾಬೂನಿನಂಥ ರಾಡಿ ಕೂಡುತ್ತದೆ, ಅದರೊಂದಿಗೆ ಒಳ್ಳೆಯ ಎಣ್ಣೆಯೂ ಸ್ವಲ್ಪ ಹೋಗುತ್ತದೆ. ಆ ರಾಡಿಗೆ ಗಂಧಕಾಮ್ಲ ಬೆರೆಸಿದರೆ 'ಆ್ಯಸಿಡ್ ಆಯಿಲ್' ಮೇಲೆ ತೇಲುತ್ತದೆ, ಸಾಬೂನಿನವರು ಕೊಳ್ಳುತ್ತಾರೆ. ಆಮೇಲೆ ಬಣ್ಣ ತೆಗೆಯಲು ಒಂದು ಜಾತಿಯ ಜೇಡಿಮಣ್ಣು ಹಾಕಿ ಸೋಸುತ್ತಾರೆ. ನಿಜವಾದ ನಷ್ಟ ಇಲ್ಲಿಯೇ. ಸೋಸಿ ಉಳಿದ 100 ಕಿಲೋ ಮಣ್ಣಿನಲ್ಲಿ 20ರಿಂದ 40 ಕಿಲೋ ಎಣ್ಣೆಯೇ ಇರಬಹುದು! ಬೂದು ಬಣ್ಣದ ಆ ಮಣ್ಣನ್ನು ಬಿಸಿಯಿರುವಾಗಲೇ ಬಯಲಲ್ಲಿ ಗುಡ್ಡೆ ಹಾಕಿದರೆ, ಕಣಕಣಕ್ಕೂ ಅಂಟಿದ ಎಣ್ಣೆಗೆ ಗಾಳಿ ತಾಗಿ ಒಳಗೊಳಗೇ ಕಾವು ಏರುತ್ತದೆ. ಮೊದಲು ಹೊಗೆ, ಆಮೇಲೆ ಬೆಂಕಿ. ಯಾರೂ ಕಡ್ಡಿ ಗೀರಬೇಕಿಲ್ಲ.

ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾದಾಗ ಸೂರ್ಯಕಾಂತಿ ಎಣ್ಣೆಯ ದರ ಹೇಗೆ ಏರಿತೆಂದು ಮನೆ ನಡೆಸುವವರಿಗೆ ಚೆನ್ನಾಗಿ ನೆನಪಿದೆ. ಹೀಗಿರುವಾಗ ಎಣ್ಣೆ ಕುಡಿದ ಮಣ್ಣನ್ನು ಗುಂಡಿಗೆ ಹಾಕುವುದು ತಪ್ಪು. ಫಿಲ್ಟರಿನಲ್ಲಿರುವಾಗಲೇ ಹಬೆ ಊದಿದರೆ ಒಂದಿಷ್ಟು ಎಣ್ಣೆ ಸಿಗುತ್ತದೆ, ಹೆಕ್ಸೇನ್ ಹಾಯಿಸಿದರೆ ಉಳಿದದ್ದರಲ್ಲಿ ಬಹುಪಾಲೂ ಬರುತ್ತದೆ. ಆದರೆ ಹೆಕ್ಸೇನ್ ಬೇಗ ಹೊತ್ತಿಕೊಳ್ಳುವ ವಸ್ತು, ಆ ಕೆಲಸ ಸಣ್ಣ ಮಿಲ್ಲಿನ ಹಿತ್ತಲಲ್ಲಿ ಮಾಡುವಂಥದ್ದಲ್ಲ.

ಮನೆಯಲ್ಲೂ ಹೋಟೆಲಿನಲ್ಲೂ ಇದೇ ಲೆಕ್ಕ ನಡೆಯಬೇಕು. ಮಿರ್ಚಿ ಭಜಿ ಕರಿದು ಕರಿದು ಕಪ್ಪಾದ ಎಣ್ಣೆಗೆ 2018ರ ಜುಲೈ 1ರಿಂದ ಕಾನೂನಿನ ಮಿತಿಯಿದೆ: ಕೆಟ್ಟ ಅಂಶ 25 ಪ್ರತಿಶತ ದಾಟಿದರೆ ಅದನ್ನು ಅಡುಗೆಗೆ ಬಳಸುವಂತಿಲ್ಲ. ಅಂಥ ಎಣ್ಣೆಯನ್ನು ಬಚ್ಚಲಿಗೂ ಸುರಿಯಬೇಡಿ, ಬಯೋಡೀಸೆಲ್‌ಗೆ ಕೊಳ್ಳುವವರಿದ್ದಾರೆ. ಮಣ್ಣಿನಿಂದ ತೆಗೆದದ್ದಿರಲಿ, ಕರಿದು ಉಳಿದದ್ದಿರಲಿ, ಸಾಬೂನಿಗೆ ಹೋಗಲಿ, ಎಂಜಿನ್ನಿಗೆ ಹೋಗಲಿ. ಮತ್ತೆ ಬಾಣಲೆಗೆ ಮಾತ್ರ ಬರಬಾರದು.