ಕೋಡ್ ಗೊತ್ತಿತ್ತು, ಕೇಳೋದು ಗೊತ್ತಿರಲಿಲ್ಲ

ಇಂಜಿನಿಯರಿಂಗ್ ಮುಗಿಸಿ ಏಳು ವರ್ಷ ಕೋಡ್ ಬರೆದವನು ನಾನು. ಕಳೆದ ವರ್ಷ ಮ್ಯಾನೇಜರ್ ಕರೆದು, "ನಿಂಗೆ ಕನ್ನಡ ಚೆನ್ನಾಗಿ ಬರತ್ತೆ, ಹಳ್ಳಿ ಕಡೆಯವನು ಬೇರೆ. ಈ ಪ್ರಾಜೆಕ್ಟ್‌ಗೆ ಬಿಸಿನೆಸ್ ಅನಲಿಸ್ಟ್ ಆಗು" ಅಂದ್ರು. ಹಾಲಿನ ಸೊಸೈಟಿಗಳಿಗೆ ಆ್ಯಪ್ ಮಾಡೋ ಕೆಲಸ. ಅವರಿಗೆ ಏನು ಬೇಕು ಅಂತ ಕೇಳಿ, ಬರೆದು ಡೆವಲಪರ್‌ಗಳಿಗೆ ಕೊಡೋದು. ಅದರಲ್ಲೇನಿದೆ ಮಹಾ ಅಂದ್ಕೊಂಡು ಒಪ್ಪಿಕೊಂಡೆ.

ಸೊಸೈಟಿಗೆ ಹಾಲು ಬರೋದು ಬೆಳಿಗ್ಗೆ ಮತ್ತು ಸಂಜೆ. ನಾನು ಕಾರ್ಯದರ್ಶಿಯನ್ನು ನೋಡಲು ಹೋಗಿದ್ದು ಮಧ್ಯಾಹ್ನ! "ನಿಮಗೇನು ಬೇಕು ಸಾರ್?" ಅಂದೆ. "ಲೆಕ್ಕ ಪಕ್ಕಾ ಇರಬೇಕು" ಅಂದ್ರು. ಹಾಲಿನ ದರ ನಿಲ್ಲೋದು ಫ್ಯಾಟ್ ಮತ್ತು ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಉಳಿದ ಘನಾಂಶದ ಮೇಲೆ. ಹಾಗಾಗಿ ನಾನೇ ಒಂದು ಸಾಲು ಸೇರಿಸಿದೆ: ಫ್ಯಾಟ್ ಹಾಕದೆ ಎಂಟ್ರಿ ಸೇವ್ ಆಗಬಾರದು.

ಮೊದಲ ಬಟವಾಡೆ ದಿನವೇ ಫೋನ್ ಬಂತು. ಒಬ್ಬ ಅಜ್ಜಿಗೆ ಮೂರು ಹೊತ್ತಿನ ಹಾಲಿನ ದುಡ್ಡು ಬಂದಿಲ್ಲ. ಮರುದಿನ ಬೆಳಿಗ್ಗೆ ಐದೂವರೆಗೆ ಹೋಗಿ ಸೊಸೈಟಿ ಮುಂದೆ ನಿಂತೆ. ಆರಕ್ಕೆ ಕರೆಂಟ್ ಹೋಯ್ತು. ಯುಪಿಎಸ್ ಬ್ಯಾಟರಿ ಕೆಟ್ಟು ತಿಂಗಳಾಗಿತ್ತು, ಫ್ಯಾಟ್ ನೋಡುವ ಯಂತ್ರ ನಿಂತಿತು. ಜನ ಕ್ಯಾನ್ ಹಿಡಿದು ಸಾಲಲ್ಲಿದ್ದರು. ಕಾರ್ಯದರ್ಶಿ ಹಾಲು ಅಳೆದು, ಸ್ಯಾಂಪಲ್ ಎತ್ತಿಟ್ಟು, ಲೀಟರ್ ಲೆಕ್ಕವನ್ನು ಒಂದು ಹಳೇ ರಟ್ಟಿನ ಮೇಲೆ ಗೀಚುತ್ತಿದ್ದರು. ಕರೆಂಟ್ ಬಂದ ಮೇಲೆ ಆ್ಯಪ್‌ಗೆ ಹಾಕುವಾಗ ಒಂದೆರಡು ಹೆಸರು ಬಿಟ್ಟುಹೋಗ್ತಿತ್ತು.

ಅಜ್ಜಿ ಕ್ಯಾಲೆಂಡರ್ ಹಾಳೆಯನ್ನೇ ಹರಿದು ತಂದಿದ್ದರು. ಹಾಲು ಹಾಕಿದ ಪ್ರತಿ ಹೊತ್ತಿಗೂ ಒಂದು ಗೀಟು. "ನಾನು ಸುಳ್ಳು ಹೇಳಲ್ಲ ಮಗ" ಅಂದರು. ಆ ವಯಸ್ಸಿನಲ್ಲಿ ಅವರಿಂದ ಆ ಮಾತು ಆಡಿಸಿದ್ದು ನಾನು ಬರೆದ ಒಂದು ಸಾಲು. ಗೀಟೂ ರಟ್ಟಿನ ಲೆಕ್ಕವೂ ತಾಳೆಯಾಯಿತು, ದುಡ್ಡು ಸಿಕ್ಕಿತು.

"ಮೊದಲೇ ಯಾಕೆ ಹೇಳಲಿಲ್ಲ ಸಾರ್?" ಅಂತ ಕಾರ್ಯದರ್ಶಿಯನ್ನು ಕೇಳಿದೆ. "ನೀವು ಕೇಳಲಿಲ್ಲವಲ್ಲ. ಕರೆಂಟ್ ಹೋಗೋದು ಹೊಸ ವಿಷಯವೇನ್ರೀ?"

ನನ್ನ ನಿಜವಾದ ಪಾಠ ಶುರುವಾಗಿದ್ದು ಅಲ್ಲಿಂದ. ದಿನಾ ಆಗೋದನ್ನ ಯಾರೂ ತಾವಾಗಿ ಹೇಳಲ್ಲ. ಅದಕ್ಕೇ ಈಗ "ಏನು ಬೇಕು" ಅಂತ ಶುರುಮಾಡಲ್ಲ. "ನಿನ್ನೆ ಬೆಳಿಗ್ಗೆ ಏನೇನು ಮಾಡಿದ್ರಿ?" ಅಂತೀನಿ. ಪ್ರತಿ ಹೆಜ್ಜೆಗೂ "ಅದು ಆಗದೇ ಹೋದ್ರೆ?" ಅಂತ ಕೇಳ್ತೀನಿ. ಟೊಯೋಟಾದವರ 'ಐದು ಯಾಕೆ' ವಿಧಾನ ಓದಿದ್ದೆ, ನನ್ನ ತಪ್ಪಿನ ಮೇಲೇ ಪ್ರಯೋಗಿಸಿದೆ. ದುಡ್ಡು ಯಾಕೆ ಬರಲಿಲ್ಲ? ಎಂಟ್ರಿ ಇಲ್ಲ. ಯಾಕಿಲ್ಲ? ತಡವಾಗಿ ಹಾಕುವಾಗ ಮರೆತರು. ಯಾಕೆ ತಡ? ಆ್ಯಪ್ ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲ? ನನ್ನ ನಿಯಮ. ಆ ನಿಯಮ ಯಾಕೆ? ನಾನು ಒಂದು ಬೆಳಿಗ್ಗೆಯನ್ನೂ ನೋಡಿರಲಿಲ್ಲ.

ಆಮೇಲೆ ಆ ಸಾಲನ್ನು ತಿದ್ದಿದೆ: ಲೀಟರ್ ಮಾತ್ರ ಹಾಕಿದರೂ ಸೇವ್ ಆಗಬೇಕು. ಫ್ಯಾಟ್ ಬಾಕಿ ಇರುವ ಹೆಸರು ಕೆಂಪಾಗಿ ಕಾಣಬೇಕು. ಅವು ಮುಗಿಯದೆ ಬಟವಾಡೆ ಪಟ್ಟಿ ಬರಬಾರದು. ಡೆವಲಪರ್‌ಗೆ ಕಳಿಸೋ ಮೊದಲು ಕಾರ್ಯದರ್ಶಿಗೆ ಕನ್ನಡದಲ್ಲೇ ಓದಿ ಹೇಳಿದೆ. ಹಳೇ ವಿದ್ಯೆಯೂ ದಂಡವಾಗಲಿಲ್ಲ. ದಿನಾ ಹಾಲು ಹಾಕೋರ ಎಂಟ್ರಿ ಯಾವ ಹೊತ್ತು ಇಲ್ಲ ಅಂತ ಎಸ್‌ಕ್ಯೂಎಲ್‌ನಲ್ಲಿ ಹುಡುಕಿದಾಗ ಇನ್ನೂ ಇಬ್ಬರು ಸಿಕ್ಕರು. ಅವರು ದೂರೇ ಕೊಟ್ಟಿರಲಿಲ್ಲ.

ಈ ಕೆಲಸಕ್ಕೆ ಬರಬೇಕು ಅನ್ನೋ ಹುಡುಗ ಹುಡುಗಿಯರು ಕೋರ್ಸ್ ಬಗ್ಗೆ ಕೇಳ್ತಾರೆ. ಐಐಬಿಎ ಸಂಸ್ಥೆಯ ಇಸಿಬಿಎ ಪ್ರಮಾಣಪತ್ರಕ್ಕೆ ಕೆಲಸದ ಅನುಭವವೂ ಬೇಕಿಲ್ಲ, ನಾನೂ ಓದ್ತಿದ್ದೀನಿ. ನಾನು ಬಿದ್ದು ಕಲಿತಿದ್ದಕ್ಕೆಲ್ಲ ಅಲ್ಲಿ ಒಳ್ಳೊಳ್ಳೆ ಹೆಸರಿವೆ. ಆದರೆ ಹೊಸ ಊರಿಗೆ ಹೋದಾಗ ಈಗಲೂ ಮೊದಲು ಮಾಡೋದು ಒಂದೇ: ಬೆಳಿಗ್ಗೆ ಐದೂವರೆಗೆ, ಲ್ಯಾಪ್‌ಟಾಪ್ ಬ್ಯಾಗಲ್ಲೇ ಇಟ್ಟು, ಹಾಲಿನ ಸಾಲಿನ ಪಕ್ಕ ಸುಮ್ಮನೆ ನಿಲ್ತೀನಿ.