ಮಚ್ಚೆಯ ಹಿಂದೆ ಅಡಗಿದ್ದದ್ದು

ಎಂಟನೇ ತರಗತಿಯ ಬೇಸಿಗೆ ರಜೆಯಲ್ಲಿ ನನ್ನ ಬಲಗೈಯ ತೋರುಬೆರಳಿನ ಗಂಟಿನ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆ ಕಾಣಿಸಿಕೊಂಡಿತು. ಹತ್ತನೇ ತರಗತಿ ಮುಗಿಯುವಷ್ಟರಲ್ಲಿ ಅದು ಎರಡೂ ಕೈಗಳಿಗೆ, ಮೊಣಕಾಲುಗಳಿಗೆ, ಎಡಗಣ್ಣಿನ ರೆಪ್ಪೆಗೆ ಹರಡಿತ್ತು. ವೈದ್ಯರು ಹೇಳಿದ ಹೆಸರು ವಿಟಿಲಿಗೋ. ಊರಿನವರು ಕರೆಯುವುದು ತೊನ್ನು ಎಂದು.

ಮನೆಗೆ ಬಂದವರೆಲ್ಲ ಒಂದೊಂದು ಕಾರಣ ಹುಡುಕಿದರು. ಮೀನು ತಿಂದ ಮೇಲೆ ಹಾಲು ಕುಡಿದಿರಬೇಕು ಎಂದರು ಒಬ್ಬರು. ಇದು ಅಂಟುತ್ತದೆಯೇ ಎಂದು ಕೇಳಿದರು ಇನ್ನೊಬ್ಬರು. "ಹೆಣ್ಣುಮಗು, ಮುಂದೆ ಹೇಗೆ?" ಎಂದು ಉಮ್ಮನ ಕಿವಿಯಲ್ಲಿ ಪಿಸುಗುಟ್ಟಿದವರ ಮಾತು ಪಕ್ಕದ ಕೋಣೆಯಲ್ಲಿದ್ದ ನನಗೂ ಕೇಳಿಸಿತು. ಅಂದಿನಿಂದ ನಾನು ಬುರ್ಖಾದ ತೋಳನ್ನು ಬೆರಳ ತುದಿಯವರೆಗೆ ಎಳೆದುಕೊಳ್ಳುವುದನ್ನು ಕಲಿತೆ.

ಪ್ರಥಮ ಪಿಯುಸಿಗೆ ಬಂದ ಮೇಲೆ ಮತ್ತೊಂದು ತೊಂದರೆ ಶುರುವಾಯಿತು. ಎಷ್ಟು ನಿದ್ದೆ ಮಾಡಿದರೂ ಸುಸ್ತು. ಸುಬಹ್ ನಮಾಝಿಗೆ ಎದ್ದವಳು ಪುಸ್ತಕ ತೆರೆದರೆ ಅದರ ಮೇಲೆಯೇ ತಲೆಯಿಟ್ಟು ಮಲಗುತ್ತಿದ್ದೆ. ತರಗತಿಯಲ್ಲಿ ಎಲ್ಲರೂ ಬೆವರುತ್ತಿದ್ದರೆ ನನಗೆ ಫ್ಯಾನಿನ ಗಾಳಿಗೇ ಚಳಿ. ಬಾಚಣಿಗೆಯ ತುಂಬ ಕೂದಲು. ನಿನ್ನೆ ಓದಿದ್ದು ಇಂದು ನೆನಪಿಲ್ಲ. ಮಧ್ಯಾವಧಿ ಪರೀಕ್ಷೆಯ ಭೌತಶಾಸ್ತ್ರದಲ್ಲಿ 70ಕ್ಕೆ 19 ಅಂಕ ಬಂತು. "ಮೊಬೈಲ್ ಜಾಸ್ತಿಯಾಯಿತು" ಎಂದರು ಉಪ್ಪ. "ಮಚ್ಚೆಯ ಚಿಂತೆ ಹಚ್ಚಿಕೊಂಡಿದ್ದಾಳೆ" ಎಂದರು ಉಮ್ಮ. ನಾನು ಸೋಮಾರಿ ಎಂದು ನಾನೂ ನಂಬಿಬಿಟ್ಟಿದ್ದೆ.

ರಜೆಯಲ್ಲಿ ಮಂಗಳೂರಿನ ಒಬ್ಬ ಚರ್ಮರೋಗ ವೈದ್ಯೆಯ ಬಳಿ ಹೋದೆವು. ಅವರು ಮಚ್ಚೆಗಳನ್ನು ನೋಡಿದ್ದು ಎರಡೇ ನಿಮಿಷ. ಉಳಿದ ಹೊತ್ತೆಲ್ಲ ಬೇರೆಯೇ ಪ್ರಶ್ನೆಗಳು. ಸುಸ್ತಾಗುತ್ತದೆಯೇ? ಮುಟ್ಟು ಸರಿಯಾಗಿ ಆಗುತ್ತಿದೆಯೇ? ತೂಕ ಹೆಚ್ಚಿದೆಯೇ? ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಅಥವಾ ಸಕ್ಕರೆ ಕಾಯಿಲೆ ಇದೆಯೇ? ಅಜ್ಜಿ ವರ್ಷಗಳಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವುದು ಆಗ ಉಮ್ಮನಿಗೆ ನೆನಪಾಯಿತು. ವೈದ್ಯೆ ನನ್ನ ಕುತ್ತಿಗೆಯನ್ನು ಮುಟ್ಟಿ, ಎಂಜಲು ನುಂಗಲು ಹೇಳಿ, ರಕ್ತಪರೀಕ್ಷೆಗೆ ಬರೆದುಕೊಟ್ಟರು.

ಸುಮಾರು 4ರ ಒಳಗಿರಬೇಕಾದ ಟಿ.ಎಸ್.ಎಚ್. ನನಗೆ 42 ಇತ್ತು. ಥೈರಾಯ್ಡ್ ಗ್ರಂಥಿ ಸೋತುಹೋಗಿತ್ತು. ಕಾಯಿಲೆಯ ಹೆಸರು ಹಾಶಿಮೊಟೊ. 1912ರಲ್ಲಿ ಇದನ್ನು ಮೊದಲು ವಿವರಿಸಿದ ಜಪಾನಿನ ವೈದ್ಯರ ಹೆಸರೇ ಅದಕ್ಕಿದೆ.

ಚರ್ಮಕ್ಕೂ ಗಂಟಲಿನ ಗ್ರಂಥಿಗೂ ಏನು ಸಂಬಂಧ? ಜೀವಶಾಸ್ತ್ರದ ಪಾಠದಲ್ಲಿ ನಾವು ಓದುವ ಸ್ವಯಂ ಪ್ರತಿರಕ್ಷೆಯೇ ಉತ್ತರ. ರೋಗಾಣುಗಳನ್ನು ಕೊಲ್ಲಬೇಕಾದ ರಕ್ಷಣಾ ಕೋಶಗಳು ದಾರಿತಪ್ಪಿ ನಮ್ಮದೇ ಕೋಶಗಳನ್ನು ಕೊಲ್ಲುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್‌ಗಳನ್ನು ಮೇಯ್ದರೆ ತೊನ್ನು, ಥೈರಾಯ್ಡನ್ನು ಮೇಯ್ದರೆ ಹಾಶಿಮೊಟೊ. ಒಂದು ಹೊಲಕ್ಕೆ ನುಗ್ಗಿದ ಬೇಲಿ ಇನ್ನೊಂದಕ್ಕೂ ನುಗ್ಗುವ ಸಾಧ್ಯತೆ ಬೇರೆಯವರಿಗಿಂತ ನಮ್ಮಂಥವರಲ್ಲಿ ಹೆಚ್ಚು. ತೊನ್ನಿನ ಜೊತೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಥೈರಾಯ್ಡ್ ಕಾಯಿಲೆ. ಕೆಲವರಿಗೆ ಟೈಪ್ 1 ಮಧುಮೇಹ, ಬಿ12 ಜೀವಸತ್ವವನ್ನು ದೇಹ ಹೀರಿಕೊಳ್ಳದೆ ಬರುವ ರಕ್ತಹೀನತೆ, ನಾಣ್ಯದಾಕಾರದಲ್ಲಿ ಕೂದಲು ಉದುರುವುದು, ಸಂಧಿವಾತ ಬರಬಹುದು. ಕಣ್ಣಿನಲ್ಲೂ ಒಳಕಿವಿಯಲ್ಲೂ ಮೆಲನೋಸೈಟ್‌ಗಳಿರುವುದರಿಂದ ಕೆಲವರಿಗೆ ಅಲ್ಲಿಯೂ ತೊಂದರೆಯಾಗುತ್ತದೆ. ಇವೆಲ್ಲ ಎಲ್ಲರಿಗೂ ಬರುತ್ತವೆ ಎಂದಲ್ಲ. ತೊನ್ನು ಇರುವ ಅನೇಕರಿಗೆ ಬೇರೆ ಯಾವ ಕಾಯಿಲೆಯೂ ಇರುವುದಿಲ್ಲ. ಆದರೆ ಪರೀಕ್ಷಿಸದೆ ಅದು ಗೊತ್ತಾಗುವುದಿಲ್ಲ.

ಈಗ ದಿನವೂ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಸಣ್ಣ ಮಾತ್ರೆ ನುಂಗುತ್ತೇನೆ. ರಂಝಾನಿನಲ್ಲಿ ವೈದ್ಯೆಯನ್ನು ಕೇಳಿ ಅದರ ಹೊತ್ತನ್ನು ರಾತ್ರಿಗೆ ಬದಲಿಸಿಕೊಂಡೆ. ಎರಡು ತಿಂಗಳಲ್ಲಿ ಚಳಿ ಹೋಯಿತು, ಓದಿದ್ದು ತಲೆಯಲ್ಲಿ ನಿಲ್ಲತೊಡಗಿತು. ಮಚ್ಚೆಗಳು ಮಾತ್ರ ಇದ್ದಲ್ಲೇ ಇವೆ. ಥೈರಾಯ್ಡ್ ಮಾತ್ರೆ ಬಣ್ಣ ತರುವುದಿಲ್ಲ. ಅದಕ್ಕೆ ಮುಲಾಮು, ಬೆಳಕಿನ ಚಿಕಿತ್ಸೆ ಬೇರೆಯೇ ನಡೆಯುತ್ತಿದೆ. ಫಲಿತಾಂಶ ಕೇಳಿದ ದಿನ ಉಪ್ಪ ಏನೂ ಮಾತನಾಡಲಿಲ್ಲ. ರಾತ್ರಿ ನನ್ನ ಕೋಣೆಗೆ ಬಂದು, "ಮೊಬೈಲ್ ಅಂತ ಬೈದದ್ದು ತಪ್ಪಾಯಿತು ಮಗಳೇ" ಎಂದರು.

ವೈದ್ಯೆ ಹೇಳಿದ ಪಟ್ಟಿಯಲ್ಲಿ ಇನ್ನೂ ಒಂದಿತ್ತು: ಖಿನ್ನತೆ ಮತ್ತು ಆತಂಕ. ತೊನ್ನು ಇರುವವರಲ್ಲಿ ಇವೂ ಹೆಚ್ಚು. ಇದಕ್ಕೆ ದಾರಿತಪ್ಪಿದ ಕೋಶಗಳನ್ನಷ್ಟೇ ದೂರಿದರೆ ಸಾಲದು. ಒಮ್ಮೆ ಲ್ಯಾಬಿನಲ್ಲಿ ನಾನು ಹಿಡಿದಿದ್ದ ಟೆಸ್ಟ್ ಟ್ಯೂಬನ್ನು ಗೆಳತಿಯೊಬ್ಬಳು ಕರವಸ್ತ್ರದಿಂದ ಹಿಡಿದು ತೆಗೆದುಕೊಂಡಳು. ಅವಳ ಮೇಲೆ ನನಗೆ ಸಿಟ್ಟಿಲ್ಲ, ಇದು ಅಂಟುವುದಿಲ್ಲವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆದರೆ ಆ ರಾತ್ರಿ ನಾನು ಊಟ ಮಾಡಲಿಲ್ಲ.

ಗೆಳತಿಯರೇ, ಗೆಳೆಯರೇ, ನಿಮ್ಮಲ್ಲಿ ಯಾರಿಗಾದರೂ ಇಂಥ ಮಚ್ಚೆ ಇದ್ದು ಕಾರಣವಿಲ್ಲದೆ ಸುಸ್ತಾಗುತ್ತಿದ್ದರೆ ಮನೆಯಲ್ಲಿ ಹೇಳಿ, ವೈದ್ಯರನ್ನು ಕೇಳಿ. ನಾನು ಕಳೆದುಕೊಂಡಂತೆ ಒಂದು ವರ್ಷ ಕಳೆದುಕೊಳ್ಳಬೇಡಿ. ಗುರುಗಳೇ, ಬೆಂಚಿನ ಮೇಲೆ ತಲೆಯಿಟ್ಟ ವಿದ್ಯಾರ್ಥಿಯನ್ನು ಬೈಯುವ ಮೊದಲು ಒಮ್ಮೆ "ಹುಷಾರಿದ್ದೀಯಾ?" ಎಂದು ಕೇಳಿ. ಉಳಿದ ಕಾಯಿಲೆಗಳನ್ನು ವೈದ್ಯರು ನೋಡಿಕೊಳ್ಳುತ್ತಾರೆ. ಪಟ್ಟಿಯ ಕೊನೆಯದಕ್ಕೆ ಮಾತ್ರ ನಿಮ್ಮ ನೆರವೂ ಬೇಕು. ಮುಂದಿನ ಪ್ರಾಕ್ಟಿಕಲ್‌ನಲ್ಲಿ ನಾನು ಟೆಸ್ಟ್ ಟ್ಯೂಬ್ ಚಾಚಿದಾಗ ಬರಿಗೈಯಲ್ಲೇ ತೆಗೆದುಕೊಳ್ಳಿ.