ಕನ್ನಡ ಮೀಡಿಯಂನವರು ಸಿಎಸ್ ತಗೋಬಹುದಾ? (ಸಿಎಸ್ ಡೈರಿ, ಭಾಗ 6)

ಸಿಇಟಿ ಆಪ್ಷನ್ ಎಂಟ್ರಿ ಶುರುವಾದ್ರೆ ಸಾಕು, ಇನ್‌ಬಾಕ್ಸ್ ತುಂಬಾ ಒಂದೇ ಪ್ರಶ್ನೆ. "ಅಕ್ಕಾ, ನಾನು ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ. ಕಂಪ್ಯೂಟರ್ ಸೈನ್ಸ್ ತಗೊಂಡ್ರೆ ಆಗುತ್ತಾ?" ನಾನೂ ಕನ್ನಡ ಮೀಡಿಯಂನವಳೇ, ಈಗ ಏಳನೇ ಸೆಮ್. "ಆಗುತ್ತೆ, ಹೆದರಬೇಡಿ" ಅಂತ ಒಂದು ಸಾಲು ಹಾಕಿ ಸುಮ್ಮನಾಗೋಕೆ ಮನಸ್ಸಿಲ್ಲ. ಮನೆಯವರು ಸಾಲ ಮಾಡಿ ಫೀಸ್ ಕಟ್ಟೋ ವಿಷಯ ಇದು. ಅದಕ್ಕೇ ಉದ್ದ ಬರೀತಿದ್ದೀನಿ, ಪೂರ್ತಿ ಓದಿ.

👉 ಕಷ್ಟ ಎಲ್ಲಿದೆ?

ಪಿಯು ಸೈನ್ಸ್‌ನಲ್ಲಿ ಇಂಗ್ಲಿಷ್ ಜೊತೆ ಒಂದು ಸುತ್ತು ಗುದ್ದಾಡಿ ಬಂದಿರ್ತೀರಿ. ಮೊದಲ ವರ್ಷ ಹೇಗೋ ದಾಟುತ್ತೆ. ನಿಜವಾದ ಪೆಟ್ಟು ಬೀಳೋದು ಡೇಟಾ ಸ್ಟ್ರಕ್ಚರ್ಸ್ ಬಂದಾಗ. ಅಲ್ಲಿ ತಲೆ ಮೇಲೆ ಎರಡು ಮೂಟೆ: ಹೊಸ ವಿಷಯ ಒಂದು, ಹೊಸ ಭಾಷೆ ಇನ್ನೊಂದು. ಎರಡನ್ನೂ ಒಟ್ಟಿಗೆ ಹೊರೋಕೆ ಹೋದವರು "ನಂಗೆ ಕೋಡಿಂಗ್ ಬರಲ್ಲ" ಅಂತ ತಾವೇ ತೀರ್ಪು ಕೊಟ್ಕೊಂಡುಬಿಡ್ತಾರೆ. ಬರದೇ ಇರೋದು ಕೋಡಿಂಗ್ ಅಲ್ಲ ಮಾರಾಯ್ರೆ, ಆ ಪ್ಯಾರಾ!

👉 ಮೊದಲು ವಿಷಯ, ಆಮೇಲೆ ಇಂಗ್ಲಿಷ್

ಪಾಯಿಂಟರ್ ಅಂದ್ರೆ ಮನೆ ಅಲ್ಲ, ಮನೆ ವಿಳಾಸ ಬರೆದ ಚೀಟಿ. ಚೀಟಿಯನ್ನ ಹತ್ತು ಸಲ ನಕಲು ಮಾಡಿದ್ರೂ ಮನೆ ಒಂದೇ. ಮನೆ ಕೆಡವಿದ ಮೇಲೂ ಚೀಟಿ ಜೇಬಲ್ಲಿದ್ರೆ ಅದೇ ಡ್ಯಾಂಗ್ಲಿಂಗ್ ಪಾಯಿಂಟರ್. ಆ ವಿಳಾಸಕ್ಕೆ ಹೋದ್ರೆ ಏನು ಸಿಗುತ್ತೋ ಹೇಳೋಕಾಗಲ್ಲ. ಲಿಂಕ್ಡ್ ಲಿಸ್ಟ್ ಅಂದ್ರೆ ಪ್ರತಿ ಮನೆಯಲ್ಲೂ ಮುಂದಿನ ಮನೆಯ ಚೀಟಿ. ಮೊದಲನೇ ಚೀಟಿ ಕಳೆದುಹೋದ್ರೆ ಇಡೀ ಬೀದಿನೇ ಕಳೆದುಹೋದ ಹಾಗೆ. ಸ್ಟ್ಯಾಕ್, ಜೋಡಿಸಿಟ್ಟ ತಟ್ಟೆಗಳು: ಕೊನೆಗೆ ಇಟ್ಟಿದ್ದು ಮೊದಲು ಕೈಗೆ ಬರುತ್ತೆ. ಕ್ಯೂ, ರೇಷನ್ ಅಂಗಡಿ ಸಾಲು.

ಇಷ್ಟನ್ನ ರೂಮ್‌ಮೇಟ್‌ಗೆ ಕನ್ನಡದಲ್ಲಿ ವಿವರಿಸಿ. ಪೇಪರ್ ಮೇಲೆ ಡಬ್ಬಿ, ಬಾಣ ಹಾಕಿ. ಅವಳಿಗೆ ಅರ್ಥ ಆದ್ರೆ ನಿಮಗೆ ಬಂದಿದೆ ಅಂತ. ಆಮೇಲೆ ವೈವಾಗೆ ಇಂಗ್ಲಿಷ್‌ನಲ್ಲಿ ನಾಲ್ಕೇ ವಾಕ್ಯ ನಿಮ್ಮದೇ ಮಾತಲ್ಲಿ ಬರ್ಕೊಳ್ಳಿ. ಬಾಯಿಪಾಠ ಮಾಡಿದವರು ಎರಡನೇ ಪ್ರಶ್ನೆಗೆ ಸಿಕ್ಕಿಬೀಳ್ತಾರೆ, ನೀವು ಬೀಳಲ್ಲ.

👉 ಒಂದು ಮಜಾ ನೋಡಿ

"ಕನ್ನಡ" ಪದದಲ್ಲಿ ಎಷ್ಟು ಅಕ್ಷರ? ನಮ್ಮ ಕಣ್ಣಿಗೆ 3. ಪೈಥಾನ್‌ನಲ್ಲಿ ಉದ್ದ ಕೇಳಿದ್ರೆ 5 ಅನ್ನುತ್ತೆ. ಯಾಕಂದ್ರೆ ಯೂನಿಕೋಡ್‌ನಲ್ಲಿ ಅದು ಕ, ನ, ವಿರಾಮ ಚಿಹ್ನೆ, ನ, ಡ. ಯುಟಿಎಫ್-8ನಲ್ಲಿ ಬರೆದ ಸಿ ಪ್ರೋಗ್ರಾಂನಲ್ಲಿ ಸ್ಟ್ರ್‌ಲೆನ್ ಹಾಕಿದ್ರೆ 15! ಒಂದೊಂದಕ್ಕೂ 3 ಬೈಟ್, ಸ್ಟ್ರ್‌ಲೆನ್ ಎಣಿಸೋದು ಬೈಟ್‌ಗಳನ್ನ. ಬರೀ ಇಂಗ್ಲಿಷ್ ಅಕ್ಷರಗಳನ್ನೇ ಟೈಪ್ ಮಾಡ್ತಿದ್ರೆ ಮೂರೂ ಉತ್ತರ ಒಂದೇ ಬರುತ್ತೆ, ಪ್ರಶ್ನೆನೇ ಹುಟ್ಟಲ್ಲ. ಅಕ್ಷರ ಬೇರೆ, ಬೈಟ್ ಬೇರೆ ಅನ್ನೋದು ನನಗೆ ಹೊಳೆದಿದ್ದು ನಮ್ಮ ಭಾಷೆಯಿಂದಲೇ.

👉 ಸಿಹಿ ಅಲ್ಲದ ಮಾತು

ಇಂಗ್ಲಿಷ್ ತಪ್ಪಿಸ್ಕೊಳ್ಳೋಕಾಗಲ್ಲ. ಪ್ರಾದೇಶಿಕ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸೋಕೆ ಎಐಸಿಟಿಇ 2021ರಲ್ಲೇ ಒಪ್ಪಿಗೆ ಕೊಟ್ಟಿದೆ, ಆ ಪಟ್ಟಿಯಲ್ಲಿ ಕನ್ನಡವೂ ಇದೆ. ಆದ್ರೆ ಎರರ್ ಮೆಸೇಜ್, ಡಾಕ್ಯುಮೆಂಟೇಶನ್, ಇಂಟರ್‌ವ್ಯೂ ಎಲ್ಲಾ ಇಂಗ್ಲಿಷ್‌ನಲ್ಲೇ ಎದುರಾಗುತ್ತೆ. ಅದಕ್ಕೇ ದಿನಾ ಒಂದು ಎರರ್ ಮೆಸೇಜ್ ನಿಧಾನಕ್ಕೆ ಓದಿ, ಅರ್ಥ ಬರೆದಿಡಿ. ಅಲ್ಲಿ ಬಳಸೋ ಪದಗಳು ಕಮ್ಮಿ, ಅವೇ ತಿರುಗಿ ತಿರುಗಿ ಬರ್ತವೆ.

ಬ್ರ್ಯಾಂಚ್ ಆರಿಸೋ ಮುಂಚೆ ನಿಮಗೆ ನೀವೇ ಕೇಳ್ಕೋಬೇಕಾದ ಪ್ರಶ್ನೆ "ನಂಗೆ ಇಂಗ್ಲಿಷ್ ಬರುತ್ತಾ" ಅನ್ನೋದಲ್ಲ. ಒಂದು ಸಣ್ಣ ಪ್ರೋಗ್ರಾಂ ಎರಡು ಗಂಟೆ ಸತಾಯಿಸಿದ್ರೆ "ಯಾಕಿರಬಹುದು?" ಅಂತ ಇನ್ನೂ ಕೂರ್ತೀರಾ, ಇಲ್ಲಾ ಎದ್ದು ಹೋಗ್ತೀರಾ? ಸೀಟು ಸಿಗೋ ಮುಂಚೆನೇ ಇದನ್ನ ಪರೀಕ್ಷೆ ಮಾಡ್ಕೋಬಹುದು. ಲ್ಯಾಪ್‌ಟಾಪ್ ಬೇಡ, ಫೋನಲ್ಲೇ ಪೈಥಾನ್ ಓಡಿಸಬಹುದು. ಒಂದು ವಾರ ಮಾಡಿ ನೋಡಿ. ಕೂರೋಕೆ ಮನಸ್ಸಾದ್ರೆ ಧೈರ್ಯವಾಗಿ ಬನ್ನಿ. ಆಗದಿದ್ರೆ ಬೇರೆ ಬ್ರ್ಯಾಂಚ್ ಆರಿಸೋದ್ರಲ್ಲಿ ಅವಮಾನ ಏನಿಲ್ಲ. ಪಕ್ಕದ ಮನೆಯವರು ಏನಂತಾರೋ ಅನ್ನೋದಕ್ಕೆ ನಾಲ್ಕು ವರ್ಷ ಕೊಡಬೇಡಿ.

ನಿಮ್ಮ ಹೆಸರನ್ನ ಕನ್ನಡದಲ್ಲಿ ಬರೆದ್ರೆ ಎಷ್ಟು ಬೈಟ್? ಲೆಕ್ಕ ಹಾಕಿ ಕಮೆಂಟ್ ಮಾಡಿ 👇 ಭಾಗ 7ರಲ್ಲಿ ರಿಕರ್ಶನ್.

#ಸಿಎಸ್‌ಡೈರಿ #ಕನ್ನಡಮೀಡಿಯಂ #ಇಂಜಿನಿಯರಿಂಗ್